ನಾಸಿಕ್ ವೈನ್ ಟ್ರಿಪ್: ಹೋಗೋ ಮುಂಚೆ ಎಲ್ರೂ ಕೇಳೋ ಪ್ರಶ್ನೆಗಳು

ನಾಸಿಕ್‌ಗೆ ನಾಲ್ಕು ಸಲ ಹೋಗಿ ಬಂದಿದೀನಿ. ಒಂದ್ಸಲ ಫ್ರೆಂಡ್ಸ್ ಜೊತೆ, ಎರಡು ಸಲ ಹೆಂಡತಿ ಜೊತೆ, ಒಂದ್ಸಲ ಅಮ್ಮ ಅತ್ತೆ ಎಲ್ರನ್ನೂ ಕರ್ಕೊಂಡು ಮನೆಮಂದಿಯೆಲ್ಲಾ. ಇದು ಗೊತ್ತಾದ್ಮೇಲೆ ಆಫೀಸಲ್ಲಿ, ನೆಂಟರ ಮದುವೇಲಿ, ವಾಟ್ಸಾಪಲ್ಲಿ ಅದೇ ಪ್ರಶ್ನೆಗಳು ಬರ್ತಾನೇ ಇರ್ತವೆ, ಹಾಗಾಗಿ ಎಲ್ಲಾ ಒಂದೇ ಕಡೆ ಬರೆದಿಡೋಣ ಅಂತ ಕೂತೆ. ಮೊದಲೇ ಒಂದು ಮಾತು ಹೇಳಿಬಿಡ್ತೀನಿ, ಕುಡಿಯೋಕೆ ಅಂತ ಅಷ್ಟು ದೂರ ಹೋಗೋ ಅಗತ್ಯ ಇಲ್ಲ, ಅಲ್ಲಿ ಸಿಗೋ ಬಾಟಲಿ ಬೆಂಗಳೂರಲ್ಲೂ ಸಿಗತ್ತೆ. ಗಿಡದಲ್ಲಿ ದ್ರಾಕ್ಷಿ ಹಣ್ಣು ಇರೋ ಟೈಮಲ್ಲಿ ಹೋಗಿ ಅದು ಬಾಟಲಿಗೆ ಹೋಗೋ ದಾರಿ ನೋಡ್ಕೊಂಡು ಬರೋಕೆ ಹೋಗ್ಬೇಕು. ಕೆಳಗಿರೋ ಉತ್ತರ ಎಲ್ಲಾ ಆ ಲೆಕ್ಕದಲ್ಲೇ ಇದೆ.

ಯಾವ ತಿಂಗಳು ಹೋಗ್ಬೇಕು?

ಜನವರಿ ಮಧ್ಯದಿಂದ ಮಾರ್ಚ್ ಮೊದಲ ವಾರದೊಳಗೆ. ನನ್ನ ಕೇಳಿದ್ರೆ ಫೆಬ್ರವರಿ.

ನನ್ನ ಮೊದಲನೇ ಟ್ರಿಪ್ ಮೇ ಕೊನೇಲಿ ಆಗಿತ್ತು, ಮಕ್ಕಳಿಗೆ ರಜೆ ಇದೆ ಅನ್ನೋ ಒಂದೇ ಕಾರಣಕ್ಕೆ ಫ್ರೆಂಡ್ಸ್ ಎಲ್ಲಾ ಅದೇ ಡೇಟ್ ಫಿಕ್ಸ್ ಮಾಡಿದ್ರು, ಹೋಗಿ ನೋಡಿದ್ರೆ ಗಿಡದಲ್ಲಿ ಬರೀ ಎಲೆ, ಒಂದು ಕಾಯಿ ಇಲ್ಲ, ಮೇಲಿಂದ ನೆತ್ತಿ ಸುಡೋ ಬಿಸಿಲು. ವೈನ್ ತಯಾರಿಸೋ ಜಾಗದಲ್ಲಿ, ಅಂದ್ರೆ ವೈನರೀಲಿ, ಟೂರ್ ಮಾಡಿಸೋ ಹುಡುಗ ಪಾಪ ಖಾಲಿ ಟ್ಯಾಂಕ್ ತೋರಿಸಿ ಇಲ್ಲಿ ಹಣ್ಣು ಬರತ್ತೆ ಇಲ್ಲಿ ರಸ ಬರತ್ತೆ ಅಂತ ಬಾಯಲ್ಲೇ ಎಲ್ಲಾ ಹೇಳ್ದ. ಆಮೇಲೆ ಫೆಬ್ರವರೀಲಿ ಹೋದಾಗ ಅದೇ ಜಾಗದಲ್ಲಿ ಕ್ರೇಟ್ ಕ್ರೇಟ್ ಹಣ್ಣು ಬಂದು ಬೀಳ್ತಾ ಇತ್ತು, ಇಡೀ ಶೆಡ್ಡು ಹುಳಿ-ಸಿಹಿ ವಾಸನೆ, ಜೇನುಹುಳ ಓಡಾಡ್ತಾ ಇದ್ವು. ಎರಡಕ್ಕೂ ಅಜಗಜಾಂತರ.

ಫ್ರಾನ್ಸ್, ಇಟಲಿ ಕಡೆ ಕೊಯ್ಲು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಅಂತೆ ಇಲ್ಯಾಕೆ ಫೆಬ್ರವರಿ ಅಂತ ಸುಮಾರು ಜನ ಕೇಳ್ತಾರೆ. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗತ್ತೆ, ಬೇಸಿಗೇಲಿ ಹಣ್ಣು ಮಾಗತ್ತೆ. ನಮ್ಮ ಕಡೆ ಅಂಥಾ ಚಳಿ ಇಲ್ಲ, ಬಳ್ಳಿ ನಿದ್ದೆನೇ ಮಾಡಲ್ಲ, ಬಿಟ್ರೆ ವರ್ಷ ಪೂರ್ತಿ ಬೆಳೀತಾನೇ ಇರತ್ತೆ. ಹಣ್ಣು ಮಾಗೋ ಹೊತ್ತಿಗೆ ಮುಂಗಾರು ಮಳೆ ಸಿಕ್ರೆ ಗೊಂಚಲೆಲ್ಲಾ ಕೊಳೆತು ಹೋಗತ್ತೆ. ಅದಕ್ಕೇ ರೈತರು ವರ್ಷಕ್ಕೆ ಎರಡು ಸಲ ಕತ್ತರಿ ಹಾಕ್ತಾರೆ. ಕೊಯ್ಲು ಮುಗಿದ ಮೇಲೆ ಏಪ್ರಿಲ್ ಹೊತ್ತಿಗೆ ಒಂದು, ಮಳೆ ಹಿಂದೆ ಸರಿಯೋ ಸೆಪ್ಟೆಂಬರ್-ಅಕ್ಟೋಬರಲ್ಲಿ ಇನ್ನೊಂದು. ವಿಜಯಪುರ ಕಡೆಯವರಿಗೆ ಇದು ಹೊಸದಲ್ಲ, ಅವರ ದ್ರಾಕ್ಷಿ ಪಡದಲ್ಲೂ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ಇದನ್ನೇ ಮಾಡ್ತಾರೆ, ಚಾಟ್ನಿ ಅಂದ್ರೆ ಬಳ್ಳಿ ಕತ್ತರಿಸೋದು. ಎರಡನೇ ಚಾಟ್ನಿ ಆದ್ಮೇಲೆ ಬರೋ ಚಿಗುರಲ್ಲಿ ಹೂವು, ಡಿಸೆಂಬರಲ್ಲಿ ಹಸಿರು ಕಾಯಿ, ಆಮೇಲೆ ಬಣ್ಣ ತಿರುಗಿ ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ಹಗಲು ಬಿಸಿಲು, ರಾತ್ರಿ ಚಳಿ, ಮಳೆ ಇಲ್ಲ, ಹಣ್ಣಿಗೆ ಸಕ್ಕರೆನೂ ಬರತ್ತೆ ಹುಳಿನೂ ಉಳಿಯತ್ತೆ. ಊರು ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 600 ಮೀಟರ್ ಎತ್ತರದಲ್ಲಿರೋದೂ ಇದಕ್ಕೆ ಹೆಲ್ಪ್ ಮಾಡತ್ತೆ.

ಮಳೆಗಾಲದಲ್ಲಿ ಹೋದ್ರೆ ವೇಸ್ಟಾ?

ದ್ರಾಕ್ಷಿಗೆ ವೇಸ್ಟು, ಕಣ್ಣಿಗೆ ಹಬ್ಬ. ಇಗತ್ಪುರಿ ಕಡೆ ಘಾಟ್, ಜಲಪಾತ, ಮೋಡ ಎಲ್ಲಾ ಜುಲೈ-ಆಗಸ್ಟಲ್ಲಿ ನಮ್ಮ ಮಲೆನಾಡನ್ನ ನೆನಪು ಮಾಡತ್ತೆ. ವೈನರಿಗಳು ತೆಗ್ದಿರ್ತವೆ, ವೈನ್ ರುಚಿ ನೋಡೋ ಟೇಸ್ಟಿಂಗೂ ಇರತ್ತೆ, ಜನಾನೂ ಕಮ್ಮಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮಾತ್ರ ಬೇಡ, ಕತ್ತರಿ ಹಾಕಿದ ಮೇಲೆ ಸಾಲು ಸಾಲು ಬೋಳು ಕಡ್ಡಿ ಅಷ್ಟೇ ಕಾಣೋದು.

ಇನ್ನೊಂದು, 2027ರ ಆಗಸ್ಟ್-ಸೆಪ್ಟೆಂಬರಲ್ಲಿ ನಾಸಿಕ್-ತ್ರ್ಯಂಬಕದಲ್ಲಿ ಸಿಂಹಸ್ಥ ಕುಂಭಮೇಳದ ದೊಡ್ಡ ಸ್ನಾನಗಳಿವೆ. ಆ ಟೈಮಲ್ಲಿ ಕುಂಭಕ್ಕೇ ಹೋಗೋದಾದ್ರೆ ಹೋಗಿ, ವೈನ್ ಟ್ರಿಪ್ ಅಂತ ಪ್ಲಾನ್ ಹಾಕ್ಬೇಡಿ, ರೂಮೂ ಸಿಗಲ್ಲ, ರೋಡಲ್ಲಿ ಗಾಡಿನೂ ಮುಂದೆ ಹೋಗಲ್ಲ.

ಕರ್ನಾಟಕದಿಂದ ಹೋಗೋದು ಹೇಗೆ?

ಟ್ರೈನ್ ನನಗೆ ಇಷ್ಟ. ಬೆಂಗಳೂರಿಂದ ದೆಹಲಿಗೆ ಹೋಗೋ ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರು, ಕಲಬುರಗಿ, ಸೋಲಾಪುರ, ದೌಂಡ್ ಮೇಲೆ ಮನ್ಮಾಡ್‌ಗೆ ಹೋಗತ್ತೆ, ಅಲ್ಲಿ ಇಳ್ಕೊಳ್ಳಿ. ಮನ್ಮಾಡ್‌ನಿಂದ ನಾಸಿಕ್ ರೋಡ್ ಸ್ಟೇಷನ್‌ಗೆ ಇನ್ನೊಂದು 70 ಚಿಲ್ಲರೆ ಕಿಲೋಮೀಟರ್, ಮುಂಬೈ ಕಡೆ ಹೋಗೋ ಟ್ರೈನ್‌ಗಳು ಬೇಕಾದಷ್ಟಿವೆ. ಬೆಳಗಾವಿ ಕಡೆಯವರಿಗೆ ಗೋವಾ ಎಕ್ಸ್‌ಪ್ರೆಸ್ ಪುಣೆ ಮೇಲೆ ಅದೇ ಮನ್ಮಾಡ್‌ಗೆ ಹೋಗತ್ತೆ. ಇಲ್ಲಿ ಒಂದು ಗೊಂದಲ ಆಗತ್ತೆ, ನಾಸಿಕ್ ರೋಡ್ ಅನ್ನೋ ಸ್ಟೇಷನ್ ಊರ ಮಧ್ಯ ಇಲ್ಲ, ಹಳೇ ಊರಿಂದ ಸುಮಾರು 9-10 ಕಿಲೋಮೀಟರ್ ಆಚೆ, ವೈನರಿಗಳಿರೋ ಗಂಗಾಪುರ ಕಡೆಗೆ ಇನ್ನೂ ದೂರ. ಆಟೋ, ಕ್ಯಾಬ್‌ಗೆ ಟೈಮ್ ಇಟ್ಕೊಳ್ಳಿ.

ಫ್ಲೈಟಾದ್ರೆ ಏರ್‌ಪೋರ್ಟ್ ಓಝರ್ ಅನ್ನೋ ಕಡೆ ಇದೆ, ಊರಿಂದ 20 ಕಿಲೋಮೀಟರ್ ಆಸುಪಾಸು. ಟೈಮಿಂಗ್ ಹೊಂದಿಲ್ಲ ಅಂದ್ರೆ ಶಿರಡಿ ಅಥವಾ ಮುಂಬೈಗೆ ಇಳಿದು ರೋಡಲ್ಲಿ ಹೋಗ್ಬಹುದು. ಮುಂಬೈಯಿಂದ 170 ಕಿಲೋಮೀಟರ್ ಹತ್ರ, 2025ರ ಜೂನಲ್ಲಿ ಮುಂಬೈ-ನಾಗಪುರ ಸಮೃದ್ಧಿ ಹೆದ್ದಾರಿಯ ಇಗತ್ಪುರಿ ಕಡೆ ಕೊನೇ ಭಾಗ ಓಪನ್ ಆದ್ಮೇಲೆ ಕಸಾರಾ ಘಾಟಲ್ಲಿ ಲಾರಿ ಹಿಂದೆ ಸಿಕ್ಕಾಕೊಳ್ಳೋ ಕಷ್ಟ ತಪ್ಪಿದೆ. ಸ್ವಂತ ಕಾರಲ್ಲಿ ಪುಣೆ ಮೇಲೆ ಹೋಗೋರು ಚಾಕಣ್ ದಾಟೋದನ್ನ ಬೆಳಗ್ಗೆ ಬೇಗ ಮುಗಿಸಿ, ಕಂಪನಿಗಳ ಶಿಫ್ಟ್ ಟೈಮಲ್ಲಿ ಸಿಕ್ರೆ ಅಲ್ಲೇ ಗಂಟೆಗಟ್ಲೆ ನಿಂತಿರ್ತೀರಾ.

ನಂದಿ ಬೆಟ್ಟದ ಹತ್ರಾನೇ ವೈನರಿ ಇರುವಾಗ ಅಲ್ಲೀವರೆಗೆ ಯಾಕೆ?

ಒಳ್ಳೇ ಪ್ರಶ್ನೆ. ದೊಡ್ಡಬಳ್ಳಾಪುರದ ಗ್ರೋವರ್ ವೈನರಿ 1988ರಿಂದ ಇದೆ, ನಾಸಿಕ್‌ನ ಸುಲಾ ವೈನರಿಗಿಂತ ಎಷ್ಟೋ ಹಳೇದು. ನೀವು ಇದುವರೆಗೂ ಯಾವ ವೈನರಿನೂ ನೋಡಿಲ್ಲ ಅಂದ್ರೆ ಮೊದಲು ಅಲ್ಲಿಗೇ ಹೋಗಿ ಬನ್ನಿ ಅಂತ ನಾನೇ ಹೇಳ್ತೀನಿ, ಅರ್ಧ ದಿನದ ಕೆಲಸ, ಇಷ್ಟ ಆಗತ್ತೋ ಇಲ್ವೋ ಅಂತಾನೂ ಗೊತ್ತಾಗತ್ತೆ.

ನಾಸಿಕ್‌ನ ವಿಷ್ಯ ಬೇರೆ, ಅಲ್ಲಿ ಇಡೀ ಜಿಲ್ಲೆನೇ ದ್ರಾಕ್ಷಿ ಮೇಲೆ ನಿಂತಿದೆ. ತಿನ್ನೋ ಹಣ್ಣು, ಎಕ್ಸ್‌ಪೋರ್ಟು, ವೈನು, ನರ್ಸರಿ, ಕ್ರೇಟ್ ಮಾಡೋರು, ಔಷಧಿ ಅಂಗಡಿ, ಕೋಲ್ಡ್ ಸ್ಟೋರೇಜ್, ಯಾವ ರೋಡಲ್ಲಿ ಹೋದ್ರೂ ಎರಡೂ ಕಡೆ ಪಡ. ವೈನಿನ ಕಥೆ ಶುರುವಾಗಿದ್ದು 1990ರ ದಶಕದ ಕೊನೇಲಿ, ಅಮೆರಿಕದಲ್ಲಿ ಕೆಲಸ ಬಿಟ್ಟು ಬಂದು ಸುಲಾ ಶುರು ಮಾಡಿದ ರಾಜೀವ್ ಸಾಮಂತ್ ತಮ್ಮ ಮನೆಯವರ ಜಮೀನಲ್ಲಿ ಸೊವಿನ್ಯೋ ಬ್ಲಾಂಕ್, ಶೆನಿನ್ ಬ್ಲಾಂಕ್ ಅನ್ನೋ ಬಿಳಿ ವೈನಿನ ದ್ರಾಕ್ಷಿ ಬಳ್ಳಿ ಹಾಕಿಸಿದಾಗ. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣಾ ನೀತಿ ತಂದು ವೈನಿಗೆ ಅಬಕಾರಿ ಸುಂಕದಲ್ಲಿ ವಿನಾಯಿತಿ ಕೊಡ್ತು, ಆಮೇಲೆ ಒಂದರ ಹಿಂದೆ ಒಂದು ವೈನರಿ ಎದ್ವು. ಈಗ ನಾಸಿಕ್ ವ್ಯಾಲಿ ವೈನ್ ಅನ್ನೋದಕ್ಕೆ ಆ ಜಾಗದ್ದೇ ಅಂತ ಗುರುತಿಸೋ ಜಿಐ ಟ್ಯಾಗೂ ಇದೆ, ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೆ ಇರೋ ಹಾಗೆ.

ರೋಡ್ ಪಕ್ಕ ಕಾಣೋದೆಲ್ಲಾ ವೈನ್ ದ್ರಾಕ್ಷಿನಾ?

ಅಲ್ಲ. ಹೆಚ್ಚಿನದು ತಿನ್ನೋ ಹಣ್ಣು, ಥಾಮ್ಸನ್ ಸೀಡ್‌ಲೆಸ್, ಸೊನಾಕಾ ಥರದ್ದು. ತಲೆ ಮೇಲೆ ಚಪ್ಪರ ಇದ್ದು ಹಣ್ಣು ಕೆಳಗೆ ನೇತಾಡ್ತಿದ್ರೆ, ಗೊಂಚಲು ದೊಡ್ಡದಾಗಿ ಉದ್ದುದ್ದ ಇದ್ರೆ ಅದು ತಿನ್ನೋದು ಅಂದ್ಕೊಳ್ಳಿ. ವೈನಿನ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ, ಬಳ್ಳಿ ಬೇಲಿ ಥರ ತಂತಿ ಮೇಲೆ ನೆಟ್ಟಗೆ ನಿಂತಿರತ್ತೆ. ಬಾಯಿಗೆ ಹಾಕ್ಕೊಂಡ್ರೆ ತಿನ್ನೋ ಹಣ್ಣಿಗಿಂತಾನೂ ಸಿಹಿ ಜಾಸ್ತಿ ಇರತ್ತೆ, ಇದು ನನಗೆ ತುಂಬಾ ಆಶ್ಚರ್ಯ ಆಗಿತ್ತು, ವೈನ್ ದ್ರಾಕ್ಷಿ ಹುಳಿ ಇರತ್ತೆ ಅಂತಾನೇ ಅಂದ್ಕೊಂಡಿದ್ದೆ. ಆ ಸಕ್ಕರೆನೇ ಈಸ್ಟ್ ತಿಂದು ಆಲ್ಕೋಹಾಲ್ ಮಾಡೋದು, ಸಕ್ಕರೆ ಇಲ್ದೇ ಇದ್ರೆ 12-13 ಪರ್ಸೆಂಟ್ ಎಲ್ಲಿಂದ ಬರ್ಬೇಕು.

ದಯವಿಟ್ಟು ಕೇಳದೇ ಕೀಳ್ಬೇಡಿ. ಔಷಧಿ ಹೊಡೆದಿರ್ತಾರೆ ಅನ್ನೋದು ಒಂದು. ಇನ್ನೊಂದು, ಕೊಯ್ಲಿಗೆ ಹತ್ತು ದಿನ ಇರುವಾಗ ಅಕಾಲಿಕ ಮಳೆ ಬಂದ್ರೆ ವರ್ಷದ ದುಡಿಮೆ ನೀರಲ್ಲಿ ಹೋಗೋ ಬೆಳೆ ಇದು, ಆ ರೈತ ರಾತ್ರಿಯೆಲ್ಲಾ ಮೋಡ ನೋಡ್ಕೊಂಡು ಕೂತಿರ್ತಾನೆ. ಫೋಟೋ ತೆಗೀಬೇಕು ಅಂದ್ರೂ ಒಂದ್ಮಾತು ಕೇಳಿ, ಯಾರೂ ಬೇಡ ಅನ್ನಲ್ಲ, ಎಷ್ಟೋ ಸಲ ಅವರೇ ಒಂದು ಗೊಂಚಲು ಕೈಗೆ ಕೊಡ್ತಾರೆ.

ಎಷ್ಟು ದಿನ ಬೇಕು? ಎಷ್ಟು ವೈನರಿ ನೋಡ್ಬಹುದು?

ಮೂರು ರಾತ್ರಿ. ದಿನಕ್ಕೆ ಎರಡು ವೈನರಿ, ಅದಕ್ಕಿಂತ ಜಾಸ್ತಿ ಬೇಡ.

ಇದನ್ನ ಯಾರಿಗೆ ಹೇಳಿದ್ರೂ ನಂಬಲ್ಲ, ಅಷ್ಟು ದೂರ ಹೋಗಿ ದಿನಕ್ಕೆ ಎರಡೇನಾ ಅಂತಾರೆ. ನಾವೂ ಮೊದಲನೇ ಸಲ ಒಂದೇ ದಿನ ನಾಲ್ಕು ಪ್ಲಾನ್ ಹಾಕಿದ್ವಿ. ಮೊದಲನೇದ್ರಲ್ಲಿ ಐದು ಸ್ಯಾಂಪಲ್, ಎರಡನೇದ್ರಲ್ಲಿ ಆರು, ಮೂರನೇದಕ್ಕೆ ಹೋಗೋ ಹೊತ್ತಿಗೆ ನಾಲಿಗೆಗೆ ಯಾವುದು ಯಾವುದು ಅಂತಾನೇ ಗೊತ್ತಾಗ್ತಿರ್ಲಿಲ್ಲ, ನಾಲ್ಕನೇದಕ್ಕೆ ಹೋಗ್ಲೇ ಇಲ್ಲ. ಆ ದಿನದ ನೆನಪಲ್ಲಿ ಈಗ ಉಳಿದಿರೋದು ಮೊದಲನೇ ಜಾಗ ಮಾತ್ರ. ಬೆಳಗ್ಗೆ 11 ಗಂಟೆ ಹೊತ್ತಿಗೆ ಒಂದು ಕಡೆ ಟೂರು, ಟೇಸ್ಟಿಂಗು, ಆಮೇಲೆ ನಿಧಾನ ಊಟ, ರೂಮಿಗೆ ಬಂದು ಒಂದ್ ನಿದ್ದೆ, ಸಂಜೆ 5ಕ್ಕೆ ಇನ್ನೊಂದು ಕಡೆ ಹೋಗಿ ಸೂರ್ಯ ಮುಳುಗೋ ತನಕ ಒಂದೇ ಗ್ಲಾಸ್ ಇಟ್ಕೊಂಡು ಕೂರೋದು. ಇಷ್ಟು ಸಾಕು ಸ್ವಾಮಿ.

ಜಾಗದ ಲೆಕ್ಕ ಹೀಗಿದೆ. ಗಂಗಾಪುರ ಡ್ಯಾಮ್ ಕಡೆ ಸುಲಾ, ಸೋಮಾ, ಯಾರ್ಕ್ ಮೂರೂ ಅಕ್ಕಪಕ್ಕ ಅನ್ನೋ ಹಾಗಿವೆ, ಊರಿಂದ ಅರ್ಧ ಗಂಟೆ. ಇಗತ್ಪುರಿ ಕಡೆ ಗ್ರೋವರ್ ಝಂಪಾ, ವಲೋನೆ, ಇವು 40-50 ಕಿಲೋಮೀಟರ್, ಅದಕ್ಕೆ ಬೇರೆ ದಿನಾನೇ ಇಡಿ. ದಿಂಡೋರಿ ಕಡೆ ಶಾಂಡೋನ್ ಇದೆ, ನೊರೆ ಬರೋ ಸ್ಪಾರ್ಕ್ಲಿಂಗ್ ವೈನ್ ಮಾಡೋದು, ಅಲ್ಲಿಗೆ ಮುಂಚೆ ಮಾತಾಡಿ ಬುಕ್ ಮಾಡದೇ ಹೋಗ್ಬೇಡಿ.

ದೊಡ್ಡದಕ್ಕೆ ಹೋಗೋದಾ ಚಿಕ್ಕದಕ್ಕಾ?

ಒಂದೊಂದು. ಸುಲಾ ದೊಡ್ಡದು, ವೀಕೆಂಡಲ್ಲಿ ಜಾತ್ರೆ ಥರ ಜನ, ಮುಂಬೈ-ಪುಣೆಯಿಂದ ಗಾಡಿ ಗಾಡಿ ಬರ್ತಾರೆ, ಆದ್ರೂ ಮೊದಲ ಸಲ ಹೋಗೋರು ನೋಡ್ಲೇಬೇಕು. 2005ರಲ್ಲಿ ಅಲ್ಲಿ ಟೇಸ್ಟಿಂಗ್ ರೂಮ್ ಓಪನ್ ಮಾಡಿದಾಗ ನಮ್ಮ ದೇಶದಲ್ಲಿ ಅಂಥದ್ದು ಅದೇ ಮೊದಲು. ಟೂರ್ ಅಚ್ಚುಕಟ್ಟು, ಎಲ್ಲಾ ಸ್ಟೆಪ್ ತೋರಿಸ್ತಾರೆ. ಚಿಕ್ಕ ಕಡೆಗಳಲ್ಲಿ ಸಿಗೋ ಸುಖ ಬೇರೆ, ಜನ ಕಮ್ಮಿ ಇದ್ದಾಗ ವೈನ್ ಮಾಡೋರೇ ಬಂದು ಪಕ್ಕ ನಿಂತು ಮಾತಾಡ್ತಾರೆ, ನಿಮ್ಮ ಪ್ರಶ್ನೆಗೆ ಬಾಯಿಪಾಠ ಮಾಡಿದ ಉತ್ತರ ಇರಲ್ಲ. ಒಂದು ಕಡೆ ಒಬ್ಬರು ಟ್ಯಾಂಕಿನ ನಲ್ಲಿ ತಿರುಗಿಸಿ ಇನ್ನೂ ಹುದುಗ್ತಾ ಇರೋ ರಸ ಕೊಟ್ರು, ಮಬ್ಬು ಮಬ್ಬಾಗಿ ನೊರೆ ನೊರೆಯಾಗಿ, ಒಳ್ಳೇ ಪೇರಲೆ ಹಣ್ಣಿನ ವಾಸನೆ. ಅದು ಯಾವ ಅಂಗಡೀಲೂ ಸಿಗಲ್ಲ.

ವಾರದ ಮಧ್ಯೆ ಹೋಗಿ. ಮಂಗಳವಾರದ ವೈನರಿಗೂ ಶನಿವಾರದ ವೈನರಿಗೂ ಸಂಬಂಧಾನೇ ಇರಲ್ಲ.

ಟೂರಲ್ಲಿ ಏನ್ ತೋರಿಸ್ತಾರೆ? ಏನ್ ಕೇಳ್ಬೇಕು?

ಹಣ್ಣು ಬಂದು ಬೀಳೋ ಜಾಗ, ತೊಟ್ಟು ಬಿಡಿಸೋ ಮಷೀನು, ರಸ ಹಿಂಡೋ ಪ್ರೆಸ್ಸು, ಸ್ಟೀಲ್ ಟ್ಯಾಂಕು, ಓಕ್ ಮರದ ಪೀಪಾಯಿ ಇಟ್ಟಿರೋ ತಣ್ಣನೆ ಕೋಣೆ, ಬಾಟಲಿಂಗ್ ಲೈನು. ನೋಡೋಕೆ ಹಾಲಿನ ಡೈರಿ ಥರಾನೇ ಇರತ್ತೆ, ಆದ್ರೆ ಒಂದೆರಡು ವಿಷಯ ತಲೇಲಿ ಇಟ್ಕೊಂಡು ಹೋದ್ರೆ ಮಜಾ ಬರತ್ತೆ.

ಒಂದು, ಕೆಂಪು ವೈನಿನ ಬಣ್ಣ ರಸದಲ್ಲಿ ಇರಲ್ಲ, ಸಿಪ್ಪೇಲಿ ಇರತ್ತೆ. ಕೆಂಪು ವೈನ್ ಮಾಡೋ ಶಿರಾಝ್ ಅನ್ನೋ ಕಪ್ಪು ದ್ರಾಕ್ಷಿ ಹಿಂಡಿ ನೋಡಿ, ರಸ ಹತ್ರ ಹತ್ರ ಬೆಳ್ಳಗೇ ಇರತ್ತೆ. ಬಿಳಿ ವೈನಿಗೆ ಮೊದಲೇ ಹಿಂಡಿ ಸಿಪ್ಪೆ ಬೇರೆ ಮಾಡ್ತಾರೆ, ಕೆಂಪಿಗೆ ಸಿಪ್ಪೆ ಸಮೇತ ಹುದುಗೋಕೆ ಬಿಡ್ತಾರೆ, ರೋಸೆ ಅನ್ನೋದು ಸ್ವಲ್ಪ ಹೊತ್ತು ಮಾತ್ರ ಸಿಪ್ಪೆ ಜೊತೆ ಇಟ್ಟಿದ್ದು. ಬಾಯಿ ಒಗರಾಗೋದೂ ಆ ಸಿಪ್ಪೆ, ಬೀಜದಿಂದಾನೇ, ಬಲಿಯದ ನೇರಳೆ ಹಣ್ಣು ತಿಂದ ಹಾಗೆ.

ಇನ್ನೊಂದು, ಟ್ಯಾಂಕಿನ ಸುತ್ತ ತಣ್ಣೀರು ಓಡಾಡೋ ಕವಚ ಇರತ್ತೆ, ಅದನ್ನ ಕೇಳಿ. ಈಸ್ಟು ಕೆಲಸ ಮಾಡುವಾಗ ಶಾಖ ಹುಟ್ಟತ್ತೆ, ಬಿಳಿ ವೈನನ್ನ 15 ಡಿಗ್ರಿ ಆಸುಪಾಸಲ್ಲಿ ಇಡದೇ ಹೋದ್ರೆ ಹಣ್ಣಿನ ಪರಿಮಳ ಎಲ್ಲಾ ಹಾರಿ ಹೋಗತ್ತೆ. ಹೊರಗೆ 30 ಡಿಗ್ರಿ ದಾಟಿರೋ ಊರಲ್ಲಿ ಒಳಗೆ ಅಷ್ಟು ತಣ್ಣಗೆ ಇಡೋದು ಸುಲಭದ ಮಾತಲ್ಲ, ಅಷ್ಟು ಕರೆಂಟು, ಅಷ್ಟು ಖರ್ಚು. ಹಣ್ಣನ್ನ ನಸುಕಲ್ಲೇ ಕೈಯಲ್ಲಿ ಕೊಯ್ದು ಕ್ರೇಟಲ್ಲಿ ತರೋದೂ ಅದಕ್ಕೇ, ಬಿಸಿಲು ಏರಿದ ಮೇಲೆ ಕಿತ್ತ ಹಣ್ಣು ಬಿಸಿಯಾಗಿರತ್ತೆ, ಗಾಡೀಲೇ ಹುದುಗೋಕೆ ಶುರು ಮಾಡತ್ತೆ. ಆ ಕೊಯ್ಲು ನೋಡೋಕೆ ಬಿಡ್ತಾರಾ ಅಂತ ಬುಕಿಂಗ್ ಮಾಡುವಾಗಲೇ ಕೇಳಿ. ನಮಗೆ ಒಂದ್ಸಲ ಸಿಕ್ತು, 6 ಗಂಟೆಗೆ ಸ್ವೆಟರ್ ಹಾಕ್ಕೊಂಡು ಹೋಗಿದ್ವಿ, ಹೆಂಗಸರು ಸಾಲಲ್ಲಿ ನಿಂತು ಪುಟ್ಟ ಕತ್ತರೀಲಿ ಎಷ್ಟು ಬೇಗ ಗೊಂಚಲು ಬಿಡಿಸ್ತಿದ್ರು ಅಂದ್ರೆ ನಮ್ಮ ಕಣ್ಣು ಅವರ ಕೈ ಹಿಂದೆ ಓಡೋಕಾಗ್ಲಿಲ್ಲ. ಇಡೀ ಟ್ರಿಪ್ಪಲ್ಲಿ ನನಗೆ ಅದೇ ದೊಡ್ಡದು.

ಟೇಸ್ಟಿಂಗಲ್ಲಿ ಏನ್ ಮಾಡ್ಬೇಕು, ನಮಗೇನೂ ಗೊತ್ತಿಲ್ಲ, ನಾಚಿಕೆ ಆಗತ್ತೆ?

ನಾಚ್ಕೊಳ್ಳೋಕೆ ಏನಿದೆ, ಅಲ್ಲಿ ಬರೋ ಮುಕ್ಕಾಲು ಜನಕ್ಕೆ ಅದು ಮೊದಲ ಸಲಾನೇ. ಸಣ್ಣ ಸಣ್ಣ ಅಳತೇಲಿ ಐದಾರು ವೈನ್ ಹಾಕ್ತಾರೆ, ತೆಳು ಬಿಳಿಯಿಂದ ಶುರು, ಆಮೇಲೆ ರೋಸೆ, ಕೆಂಪು, ಕೊನೇಗೆ ಸಿಹಿ. ಮೊದಲೇ ಸಿಹಿ ಕುಡಿದ್ರೆ ಉಳಿದಿದ್ದೆಲ್ಲಾ ಹುಳಿ ಅನ್ಸತ್ತೆ, ಪಾಯಸ ಆದ್ಮೇಲೆ ಸಾರು ಕುಡಿದ ಹಾಗೆ. ಗ್ಲಾಸಿನ ಕಾಲು ಹಿಡ್ಕೊಳ್ಳಿ, ಬೆಳಕಿಗೆ ಹಿಡಿದು ಬಣ್ಣ ನೋಡಿ, ಒಂದ್ ಸುತ್ತು ತಿರುಗಿಸಿ, ಮೂಗನ್ನ ಗ್ಲಾಸೊಳಗೇ ಇಟ್ಟು ವಾಸನೆ ತಗೊಳ್ಳಿ, ಆಮೇಲೆ ಒಂದು ಗುಟುಕು ಬಾಯ್ತುಂಬಾ ಓಡಾಡ್ಸಿ. ಉಗಿಯೋಕೆ ಅಂತಾನೇ ಪಾತ್ರೆ ಇಟ್ಟಿರ್ತಾರೆ, ಉಗಿಯೋದು ಅವಮಾನ ಅಲ್ಲ, ವೈನ್ ಗೊತ್ತಿರೋರೇ ಉಗಿಯೋದು.

ವಾಸನೆ ಹೇಳುವಾಗ ಪುಸ್ತಕದ ಮಾತು ಹುಡುಕ್ಬೇಡಿ. ಗೂಸ್‌ಬೆರ್ರಿ ಅಂತ ಅವರು ಹೇಳ್ತಾರೆ, ನಮ್ಮಲ್ಲಿ ಯಾರು ತಿಂದಿದಾರೆ ಅದನ್ನ. ಸೊವಿನ್ಯೋ ಬ್ಲಾಂಕ್ ಮೂಸಿದಾಗ ನನ್ನ ಹೆಂಡತಿ ಹೇಳಿದ್ದು ಹಸಿ ಮೆಣಸಿನಕಾಯಿ ಮುರಿದ ವಾಸನೆ ಅಂತ, ಕೊಡ್ತಿದ್ದ ಹುಡುಗಿ ಖುಷಿಯಾಗಿ ಸರಿಯಾಗಿ ಹೇಳಿದ್ರಿ ಮೇಡಂ ಅಂದ್ಲು. ಆ ದ್ರಾಕ್ಷಿಗೆ ಅದು ಇರೋದೇ. ಶಿರಾಝಲ್ಲಿ ಕರಿಮೆಣಸು, ಶೆನಿನ್ ಬ್ಲಾಂಕಲ್ಲಿ ಜೇನು, ಸೇಬು. ನಿಮ್ಮ ಅಡುಗೆಮನೇಲಿ ಇರೋ ವಾಸನೆಗಳನ್ನೇ ನೆನಪು ಮಾಡ್ಕೊಳ್ಳಿ, ನಾವು ದಿನಾ ಒಗ್ಗರಣೆ ವಾಸನೇಲಿ ಬೆಳೆದೋರು, ನಮ್ಮ ಮೂಗು ಕಮ್ಮಿ ಏನಲ್ಲ.

ಆ ದಿನ ಸೆಂಟ್ ಹಾಕ್ಬೇಡಿ. ಖಾಲಿ ಹೊಟ್ಟೇಲಿ ಹೋಗ್ಬೇಡಿ. ಪ್ರತಿ ಗ್ಲಾಸಿಗೂ ಒಂದ್ ಗ್ಲಾಸ್ ನೀರು.

ಕಾಲಲ್ಲಿ ದ್ರಾಕ್ಷಿ ತುಳಿಯೋದು ಇರತ್ತಾ?

ಕೊಯ್ಲಿನ ಸೀಸನಲ್ಲಿ ಕೆಲವು ಕಡೆ ಇರತ್ತೆ, ಮಕ್ಕಳಿಗೆ ತುಂಬಾ ಖುಷಿ. ಆ ರಸ ಬಾಟಲಿಗೆ ಹೋಗಲ್ಲ, ಭಯ ಬೇಡ. ಹಳೇ ಚಡ್ಡಿ, ಒಂದು ಟವೆಲ್ ತಗೊಂಡು ಹೋಗಿ, ಕಾಲು ಅಂಟು ಅಂಟು ಆಗತ್ತೆ, ಬಣ್ಣದ ಹಣ್ಣಿನ ಕಲೆ ಬಟ್ಟೆಗೆ ಹಿಡಿದ್ರೆ ಸುಲಭಕ್ಕೆ ಹೋಗಲ್ಲ.

ಪರ್ಮಿಟ್, ವಯಸ್ಸು, ಡ್ರೈ ಡೇ ರೂಲ್ಸ್ ಏನು?

ಮಹಾರಾಷ್ಟ್ರದಲ್ಲಿ ಈಗಲೂ 1949ರ ಪಾನನಿರೋಧ ಕಾಯ್ದೆನೇ ನಡೀತಿರೋದು, ಅದರ ಪ್ರಕಾರ ಮದ್ಯಕ್ಕೆ ಪರ್ಮಿಟ್ ಅನ್ನೋದು ಇದೆ, ಒಂದು ದಿನದ್ದು ಅಲ್ಲೇ ಕೌಂಟರಲ್ಲಿ ಮಾಡಿ ಕೊಡೋದು ರೂಢಿ. ವೈನು, ಬಿಯರ್‌ಗೆ 21 ವರ್ಷ, ಗಟ್ಟಿ ಮದ್ಯಕ್ಕೆ 25. ಐಡಿ ಕಾರ್ಡ್ ಇಲ್ದೇ ಹೋಗ್ಬೇಡಿ, ಕೂದಲು ನೆರೆತಿದ್ರೂ ಕೇಳ್ತಾರೆ.

ಡ್ರೈ ಡೇ ವಿಷಯದಲ್ಲಿ ಜನವರಿ 26ನೇ ತಾರೀಕಿನ ಲಾಂಗ್ ವೀಕೆಂಡಿಗೆ ಹೋಗೋರೇ ಜಾಸ್ತಿ ಮೋಸ ಹೋಗೋದು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಆಷಾಢ ಏಕಾದಶಿ, ಆಮೇಲೆ ಎಲೆಕ್ಷನ್ ದಿನಗಳು. ಅವತ್ತು ಟೇಸ್ಟಿಂಗ್ ಆಸೆ ಇಟ್ಕೊಳ್ಳದೇ ದೇವಸ್ಥಾನ, ಗುಹೆ ಅಂತ ಪ್ಲಾನ್ ಮಾಡ್ಕೊಳ್ಳಿ.

ನಾವೇ ಕಾರ್ ಓಡಿಸ್ಕೊಂಡು ಹೋಗ್ಬಹುದಾ?

ಟೇಸ್ಟಿಂಗ್ ದಿನ ಬೇಡವೇ ಬೇಡ. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್, ಐದಾರು ಸ್ಯಾಂಪಲ್ ಮುಗಿಯೋ ಹೊತ್ತಿಗೆ ಎಷ್ಟೋ ಜನ ಅದನ್ನ ದಾಟಿರ್ತಾರೆ, ಮೊದಲ ಸಲ ಸಿಕ್ಕಿಬಿದ್ರೇನೇ 10,000 ರೂಪಾಯಿ ತನಕ ದಂಡ, ಆರು ತಿಂಗಳ ತನಕ ಜೈಲೂ ಆಗ್ಬಹುದು. ದಂಡದ ಮಾತು ಬಿಡಿ, ಆ ರೋಡುಗಳಲ್ಲಿ ರಾತ್ರಿ ಲೈಟ್ ಇಲ್ಲ, ಕಬ್ಬು, ದ್ರಾಕ್ಷಿ ತುಂಬಿದ ಟ್ರ್ಯಾಕ್ಟರ್‌ಗೆ ಹಿಂದಿನ ದೀಪ ಇರಲ್ಲ, ಹೊಲದ ಕೆಲಸ ಮುಗಿಸಿ ನಡ್ಕೊಂಡು ಬರೋ ಜನ ಇರ್ತಾರೆ.

ಇಡೀ ದಿನಕ್ಕೆ ಒಂದು ಟ್ಯಾಕ್ಸಿ ಮಾತಾಡ್ಕೊಳ್ಳಿ. ಆ್ಯಪ್ ನಂಬ್ಕೊಂಡು ಹೋಗ್ಬೇಡಿ, ಹೋಗುವಾಗ ಸಿಗತ್ತೆ, ಬರುವಾಗ ಸಿಗಲ್ಲ. ನಾವು ಒಂದ್ಸಲ ರಾತ್ರಿ 9 ಗಂಟೇಲಿ ಡ್ಯಾಮ್ ಹತ್ರ ಮುಕ್ಕಾಲು ಗಂಟೆ ನಿಂತಿದ್ವಿ, ಬುಕ್ ಆಗೋದು, ಕ್ಯಾನ್ಸಲ್ ಆಗೋದು, ಮತ್ತೆ ಬುಕ್ ಆಗೋದು, ಕೊನೇಗೆ ಅಡುಗೆಮನೆ ಕೆಲಸ ಮುಗಿಸಿ ಹೊರಟಿದ್ದ ಒಬ್ಬ ಹುಡುಗ ತನ್ನ ಚಿಕ್ಕಪ್ಪನ ಗಾಡಿ ಕರೆಸಿ ಕಳಿಸ್ದ. ಮಾರನೇ ದಿನದಿಂದ ಅದೇ ಚಿಕ್ಕಪ್ಪನೇ ನಮ್ಮ ಡ್ರೈವರು.

ಅಮ್ಮ, ಅತ್ತೆ ಜೊತೆ ಹೋಗ್ಬಹುದಾ? ಕುಡಿಯದೇ ಇರೋರಿಗೆ ಬೋರ್ ಆಗಲ್ವಾ?

ಖಂಡಿತ ಹೋಗ್ಬಹುದು, ನನ್ನ ಪ್ರಕಾರ ಅದೇ ಒಳ್ಳೇ ಟ್ರಿಪ್ಪು. ನಾಸಿಕ್ ಮೊದಲು ತೀರ್ಥಕ್ಷೇತ್ರ, ಆಮೇಲೆ ವೈನು. ಶೂರ್ಪನಖಿ ಮೂಗು ಕುಯ್ದ ಜಾಗ ಅಂತಾನೇ ಊರಿಗೆ ಹೆಸರು ಬಂತು ಅಂತಾರೆ, ಪಂಚವಟಿ, ಸೀತಾ ಗುಂಫಾ, ರಾಮಕುಂಡ ಎಲ್ಲಾ ಅಲ್ಲೇ. 28-30 ಕಿಲೋಮೀಟರಲ್ಲಿ ತ್ರ್ಯಂಬಕೇಶ್ವರ, ಜ್ಯೋತಿರ್ಲಿಂಗ, ಗೋದಾವರಿ ಹುಟ್ಟೋ ಬ್ರಹ್ಮಗಿರಿ ಅಲ್ಲೇ ನಿಂತಿದೆ. ನಮ್ಮತ್ತೆ ಗೋದಾವರಿ ಉಗಮ ನೋಡಿ ಬಂದ ದಿನ ರಾತ್ರಿ ಫೋನಲ್ಲಿ ಊರಿಗೆಲ್ಲಾ ಹೇಳಿದಾರೆ.

ನಾವು ಒಂದು ನಿಯಮ ಇಟ್ಕೊಂಡಿದೀವಿ, ದೇವಸ್ಥಾನದ ದಿನ ಬೇರೆ, ವೈನಿನ ದಿನ ಬೇರೆ. ಬೆಳಗ್ಗೆ 5ಕ್ಕೆ ತ್ರ್ಯಂಬಕಕ್ಕೆ ಹೊರಟ್ರೆ ಸಾಲು ಕಮ್ಮಿ. ಸೋಮವಾರ ಬೇಡ. ಮಹಾಶಿವರಾತ್ರಿ ಸರಿಯಾಗಿ ದ್ರಾಕ್ಷಿ ಸೀಸನಲ್ಲೇ ಬೀಳತ್ತೆ, ಆ ವಾರ ಡೇಟ್ ನೋಡ್ಕೊಂಡು ರೂಮ್ ಬುಕ್ ಮಾಡಿ.

ವೈನರೀಲಿ ಅಮ್ಮ ಏನ್ ಮಾಡಿದ್ರು ಅಂತ ಎಲ್ರೂ ಕೇಳ್ತಾರೆ. ನಮ್ಮಮ್ಮ ರೈತರ ಮನೆಯವ್ರು, ತೋಟದಲ್ಲಿ ಬಳ್ಳಿ ಕಟ್ಟಿರೋ ರೀತಿ, ಹನಿ ನೀರಾವರಿ, ಗೊಬ್ಬರ ಎಲ್ಲಾ ಕೇಳಿ ಕೇಳಿ ಟೂರ್ ಹುಡುಗನ್ನ ಸುಸ್ತು ಮಾಡಿದ್ರು. ಆಮೇಲೆ ದ್ರಾಕ್ಷಿ ಜ್ಯೂಸ್ ಕುಡ್ಕೊಂಡು ಡ್ಯಾಮ್ ನೀರು ನೋಡ್ತಾ ಕೂತಿದ್ರು. ಮಕ್ಕಳು ಟೂರಿಗೆ ಬರಬಹುದಾ ಅನ್ನೋದನ್ನ ಮಾತ್ರ ಮುಂಚೆ ಫೋನ್ ಮಾಡಿ ಕೇಳ್ಕೊಳ್ಳಿ.

ವೈನ್ ಬಿಟ್ಟು ಇನ್ನೇನು ನೋಡ್ಬಹುದು?

ಪಾಂಡವಲೇಣಿ ಗುಹೆ ಬಿಡ್ಬೇಡಿ. 24 ಗುಹೆ, ಬೌದ್ಧರದ್ದು, ಮೂರನೇ ಗುಹೇಲಿ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿಯ ಸಾಧನೆಗಳನ್ನ ಹೇಳೋ ಶಾಸನ ಇದೆ, ಬರೆಸಿದ್ದು ಅವನ ತಾಯಿ ಗೌತಮೀ ಬಲಶ್ರೀ. ಸ್ಕೂಲಲ್ಲಿ ಓದಿದ್ದು ಕಲ್ಲಲ್ಲಿ ಎದುರಿಗೇ ಕಂಡಾಗ ಮೈ ಜುಮ್ ಅನ್ನತ್ತೆ. ಮೆಟ್ಟಿಲು ಹತ್ತಬೇಕು, ಬೆಳಗ್ಗೆನೇ ಹೋಗಿ. ಕಾಳಾರಾಮ ಮಂದಿರಕ್ಕೆ ಹೋದಾಗ 1930ರಲ್ಲಿ ಡಾ. ಅಂಬೇಡ್ಕರ್ ಅವರು ದೇವಸ್ಥಾನ ಪ್ರವೇಶಕ್ಕೆ ಸತ್ಯಾಗ್ರಹ ಮಾಡಿದ್ದು ಇದೇ ಬಾಗಿಲಲ್ಲಿ ಅನ್ನೋದನ್ನ ಮಕ್ಕಳಿಗೆ ಹೇಳಿ. ಸೀರೆ ಇಷ್ಟ ಇರೋರಿಗೆ ಪೈಠಣಿ ನೇಯೋ ಯೇವಲಾ ಇದೇ ಜಿಲ್ಲೇಲಿದೆ, ಮನ್ಮಾಡ್ ಕಡೆಯಿಂದ ಬರೋರಿಗೆ ಹತ್ರ.

ತಿನ್ನೋಕೆ ಮಿಸಳ್, ಮೊಳಕೆ ಕಾಳಿನ ಖಾರದ ತಿಂಡಿ. ಬೆಳಗ್ಗೆ ಹೋಗಿ, ಖಾರದ ರಸ ಪಕ್ಕದಲ್ಲಿ ಬೇರೆ ಕೊಡ್ತಾರೆ, ನೋಡ್ಕೊಂಡು ಹಾಕ್ಕೊಳ್ಳಿ. ಟೇಸ್ಟಿಂಗ್ ಇರೋ ದಿನ ಮಾತ್ರ ಬೇಡ, ಮಿಸಳ್ ತಿಂದ ನಾಲಿಗೆಗೆ ಎರಡು ಗಂಟೆ ಏನೂ ಗೊತ್ತಾಗಲ್ಲ.

ಎಲ್ಲಿ ಉಳ್ಕೊಳ್ಳೋದು?

ಒಂದು ರಾತ್ರಿ ಡ್ಯಾಮ್ ಕಡೆ ತೋಟದ ಹತ್ರ, ಉಳಿದಿದ್ದು ಊರೊಳಗೆ. ವೈನರಿಗಳ ರೆಸಾರ್ಟ್ ಚೆನ್ನಾಗಿವೆ ಆದ್ರೆ ವೀಕೆಂಡ್ ರೇಟು ಡಬಲ್ ಹತ್ರ ಹೋಗತ್ತೆ. ತೋಟದ ಪಕ್ಕ ಉಳಿಯೋದ್ರಿಂದ ಬೆಳಗ್ಗೆ ಮಂಜಲ್ಲಿ ಸಾಲುಗಳ ಮಧ್ಯೆ ಓಡಾಡ್ಬಹುದು, ಆ ಒಂದು ಗಂಟೆಗೆ ಕೊಟ್ಟ ದುಡ್ಡು ಸರಿಹೋಗತ್ತೆ. ವ್ಯೂ ರೂಮ್ ಅಂತ ದುಡ್ಡು ಕಟ್ಟೋ ಮುಂಚೆ ಕಿಟಕಿಯಿಂದ ಏನು ಕಾಣತ್ತೆ ಅಂತ ಫೋಟೋ ಕಳಿಸೋಕೆ ಹೇಳಿ, ನಮಗೆ ಒಂದು ಕಡೆ ಜನರೇಟರ್ ಕಂಡಿತ್ತು.

ಡಿಸೆಂಬರ್-ಜನವರಿ ರಾತ್ರಿ 10 ಡಿಗ್ರಿ ಕೆಳಗೂ ಇಳಿಯತ್ತೆ, ಹಗಲು ಟೋಪಿ ಬೇಕು, ಸಂಜೆ ಜರ್ಕಿನ್ ಬೇಕು. ಶೂ ಹಾಕ್ಕೊಳ್ಳಿ, ಕಪ್ಪು ಮಣ್ಣು, ಹೀಲ್ಸ್ ನಡೆಯಲ್ಲ.

ಬಾಟಲಿ ತರಬಹುದಾ?

ಟ್ರೈನಲ್ಲಿ, ಕಾರಲ್ಲಿ ರಾಜ್ಯ ದಾಟುವಾಗ ಅಬಕಾರಿ ಕಾನೂನು ಬೇರೆ ಬೇರೆ, ಆ ರಗಳೆನೇ ಬೇಡ ಅಂತ ನಾನು ತರಲ್ಲ, ಇಷ್ಟ ಆಗಿದ್ದರ ಹೆಸರು ಬರ್ಕೊಂಡು ಬಂದು ಬೆಂಗಳೂರಲ್ಲಿ ತಗೋತೀನಿ. ಅಲ್ಲೇ ಕುಡಿಯೋಕೆ ಕೊಂಡಿದ್ರೆ ಬಿಸಿಲಲ್ಲಿ ನಿಲ್ಸಿರೋ ಕಾರಲ್ಲಿ ಮಾತ್ರ ಇಡ್ಬೇಡಿ. ನಾನು ಒಂದು ಒಳ್ಳೇ ಬಿಳಿ ವೈನನ್ನ ಮಧ್ಯಾಹ್ನ ಪೂರ್ತಿ ಡಿಕ್ಕೀಲಿ ಬಿಟ್ಟು ಸಂಜೆ ತೆಗೆದ್ರೆ ಬೇಯಿಸಿದ ಹಣ್ಣಿನ ರುಚಿ ಬಂದಿತ್ತು. ತೆಗೆದ ಬಾಟಲಿ ಫ್ರಿಜ್ಜಲ್ಲಿ ಮುಚ್ಚಿ ಇಟ್ರೆ ಮೂರ್ನಾಲ್ಕು ದಿನ ಇರತ್ತೆ, ಕೆಂಪಾದ್ರೂ ಫ್ರಿಜ್ಜಲ್ಲೇ ಇಡಿ, ಕುಡಿಯೋ ಅರ್ಧ ಗಂಟೆ ಮುಂಚೆ ಹೊರಗೆ ತೆಗೀರಿ.

ತರೋದಾದ್ರೆ ಒಣದ್ರಾಕ್ಷಿ ತನ್ನಿ, ಚಿವಡಾ ತನ್ನಿ. ಸೀಸನಲ್ಲಿ ಹೋಗಿದ್ರೆ ವಾಪಸ್ ಬರೋ ದಿನ ಬೆಳಗ್ಗೆ ರೋಡ್ ಪಕ್ಕ ತೋಟದವರ ಹತ್ರಾನೇ ಒಂದು ಪೆಟ್ಟಿಗೆ ತಿನ್ನೋ ದ್ರಾಕ್ಷಿ ತಗೊಳ್ಳಿ, ತಳಕ್ಕೆ ಪೇಪರ್ ಹಾಕಿ, ಮೇಲೆ ಏನೂ ಇಡ್ಬೇಡಿ, ಟ್ರೈನಲ್ಲಿ ಸೀಟಿನ ಕೆಳಗಲ್ಲ ಪಕ್ಕದಲ್ಲಿ ಇಟ್ಕೊಂಡು ಬನ್ನಿ, ಬೆಂಗಳೂರಿಗೆ ಬರೋ ತನಕ ಚೆನ್ನಾಗೇ ಇರತ್ತೆ.